ವಹಿಯೊಳಗಿನ ಬ್ಯಾಳಿ

ಮಹಾರಾಷ್ಟ್ರದ ಗಡಿಯಲ್ಲಿರುವ ಜತ್ತ ತಾಲೂಕಿನ ಯಾವುದೇ ಕನ್ನಡ ಶಾಲೆಯ ಎರಡನೇ ಇಯತ್ತೆಯ ವಹಿ ತೆರೆದು ನೋಡಿ. ‘ಬೇಳೆ’ ಇರಬೇಕಾದಲ್ಲಿ ‘ಬ್ಯಾಳಿ’ ಇರುತ್ತದೆ, ‘ಕೋಡು’ ಇರಬೇಕಾದಲ್ಲಿ ‘ಕೊಡು’, ‘ಬಸ್’ ಇರಬೇಕಾದಲ್ಲಿ ‘ಬಸ’, ‘ಅಕ್ಕಿ’ ಇರಬೇಕಾದಲ್ಲಿ ‘ಅಕಿಕ’. ನಾಲ್ಕಕ್ಕೂ ಒಂದೇ ಕೆಂಪು ಗೆರೆ, ಒಂದೇ ಶಿಕ್ಷೆ: ಹತ್ತು ಸಲ ಬರಿ. ಹತ್ತು ಸಲ ಬರೆದರೆ ಬೆರಳು ನೋಯುತ್ತದೆ, ತಪ್ಪು ಇದ್ದಲ್ಲೇ ಇರುತ್ತದೆ. ಈ ನಾಲ್ಕೂ ತಪ್ಪುಗಳು ಹುಟ್ಟಿದ ಜಾಗ ಬೇರೆ ಬೇರೆ. ಮದ್ದೂ ಬೇರೆಯೇ ಆಗಬೇಕು.

‘ಬ್ಯಾಳಿ’ಯನ್ನು ನಾನು ತಪ್ಪೆಂದೇ ಕರೆಯಲಾರೆ. ನಮ್ಮ ಕಡೆ ಮೇಲೆ ಎಂದರೆ ಮ್ಯಾಲ, ಪೇಟೆ ಎಂದರೆ ಪ್ಯಾಟಿ, ಮನೆ ಎಂದರೆ ಮನಿ. ಹುಡುಗ ಅವ್ವನ ಬಾಯಲ್ಲಿ ಕೇಳಿದ್ದನ್ನು ಬ ಕೆಳಗೆ ಯ ಒತ್ತು ಕೊಟ್ಟು, ದೀರ್ಘ ಎಳೆದು, ಚಾಚೂ ತಪ್ಪದೆ ಬರೆದಿದ್ದಾನೆ. ಒತ್ತಕ್ಷರ ಬಾರದವನಿಗೆ ಇದನ್ನು ಬರೆಯಲು ಸಾಧ್ಯವೇ ಇಲ್ಲ. ಮನೆಯಲ್ಲಿ ಬ್ಯಾಳಿ, ಪುಸ್ತಕದಲ್ಲಿ ಬೇಳೆ ಎಂದು ತಿಳಿಸಿ ಹೇಳಿದರೆ ಸಾಕು. ಬೆಳಗ್ಗೆ ಕಿರಾಣಿ ಅಂಗಡಿಯಲ್ಲಿ ಮರಾಠಿ, ಸಂಜೆ ಕಟ್ಟೆಯ ಮೇಲೆ ಕನ್ನಡ ಆಡುವ ಮಕ್ಕಳಿಗೆ ಅಷ್ಟು ವ್ಯತ್ಯಾಸ ಇಟ್ಟುಕೊಳ್ಳುವುದು ಯಾವ ದೊಡ್ಡ ಮಾತು?

‘ಬಸ’ ಬಂದದ್ದು ಮರಾಠಿಯಿಂದ. ನಮ್ಮೂರ ಹೆಸರೇ ಮರಾಠಿ ಫಲಕದಲ್ಲಿ ಜ, ತ ಎಂಬ ಎರಡು ಬರೀ ಅಕ್ಷರ; ಓದುವಾಗ ಮಾತ್ರ ಜತ್. ಕೊನೆಯಲ್ಲಿ ಸ್ವರ ಬಿದ್ದುಹೋದದ್ದಕ್ಕೆ ಮರಾಠಿಯಲ್ಲಿ ಗುರುತು ಹಾಕುವ ರೂಢಿಯಿಲ್ಲ, ಕನ್ನಡದಲ್ಲಿ ಹಾಕಲೇಬೇಕು. ಎರಡೂ ಲಿಪಿಯನ್ನು ಪಾಟಿಯ ಮೇಲೆ ಅಕ್ಕಪಕ್ಕ ಬರೆದು ತೋರಿಸಿದರೆ ಒಂದು ತಾಸಿನ ಕೆಲಸ.

ನಿಜವಾಗಿ ಕೈ ಬೇಕಾಗುವುದು ಉಳಿದ ಎರಡಕ್ಕೆ. ಮರಾಠಿಯಲ್ಲಿ ಎ ಒಂದೇ, ಒ ಒಂದೇ. ಹ್ರಸ್ವ ದೀರ್ಘ ಎಂಬ ಜೋಡಿ ಅಲ್ಲಿಲ್ಲ. ಹೀಗಾಗಿ ಮನೆಯಲ್ಲಿ ಮರಾಠಿ ಆಡುವ ಮಗುವಿಗೆ ಕೊಡು, ಕೋಡು ಎರಡೂ ಕಿವಿಗೆ ಒಂದೇ. ಕಿವಿಗೆ ಬೀಳದ್ದನ್ನು ಕೈ ಹೇಗೆ ಬರೆದೀತು? ನಾನು ಬಲ್ಲ ಒಬ್ಬ ಬಾಯಾರು ಇದಕ್ಕೆ ಎರಿಮಣ್ಣು ತರಿಸುತ್ತಾರೆ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿ ಪಳಗಿದ ಕೈಗಳವು, ಮಣ್ಣು ಹೊಸೆದು ಹುರಿ ಮಾಡುವುದನ್ನು ಯಾರೂ ಕಲಿಸಬೇಕಾಗಿಲ್ಲ. ಕ ಮಾಡುತ್ತಾರೆ, ತಲೆಕಟ್ಟು ಕಿತ್ತು ಗುಡಿಸು ಇಡುತ್ತಾರೆ: ಕಿ. ಗುಡಿಸು ತೆಗೆದು ಎತ್ವ ಇಟ್ಟರೆ ಕೆ. ಆಮೇಲೆ ಬಾಯಾರು ಒಂದು ಪುಟ್ಟ ಬಾಲವನ್ನು ಬೇರೆಯಾಗಿ ಮಾಡಿಸುತ್ತಾರೆ. ಅದೇ ಬಾಲ ಕಿ ಮುಂದೆ ಹಚ್ಚಿದರೆ ಕೀ, ಕೆ ಮುಂದೆ ಹಚ್ಚಿದರೆ ಕೇ, ಕೊ ಮುಂದೆ ಹಚ್ಚಿದರೆ ಕೋ. “ಬಾಲ ಹಚ್ಚಿದಿ ಅಂದ್ರ ದನಿ ಎಳೀಬೇಕು, ಬಾಲ ಕಿತ್ತಿ ಅಂದ್ರ ಗಪ್ಪನ ನಿಲ್ಲಸಬೇಕು” ಎನ್ನುತ್ತಾರೆ. ಹುಡುಗರು ಕಿತ್ತು ಹಚ್ಚಿ, ಹಚ್ಚಿ ಕಿತ್ತು, ತರಗತಿಯೆಲ್ಲ ಕೊಡು-ಕೋಡು ಎಂದು ಕೂಗಾಟ. ಪಕ್ಕದ ಕೋಣೆಯ ಗುರುಜಿಗೆ ತಲೆನೋವು, ಅದು ಬೇರೆ ಮಾತು.

‘ಅಕಿಕ’ ಬರೆಯುವ ಹುಡುಗನ ಕಷ್ಟ ಲಿಪಿಯದು. ಒತ್ತಿನ ಮೇಲೆ ಹೇಳುವ ಇಕಾರವನ್ನು ಮೊದಲ ಅಕ್ಷರದ ತಲೆಯ ಮೇಲೆ ಇಡು ಎಂದರೆ ಅವನಿಗೆ ಅರ್ಥವಾಗುವುದು ಹೇಗೆ? ಸಾಲದ್ದಕ್ಕೆ ತ, ನ, ಮ, ಯ, ರ, ಲ ಈ ಆರು ಅಕ್ಷರ ಒತ್ತಾದಾಗ ಗುರುತೇ ಸಿಗದಂತೆ ವೇಷ ಬದಲಿಸುತ್ತವೆ. ಮರಾಠಿಯಲ್ಲಿ ಇನ್ನೊಂದು ರೀತಿ. ‘ಪುಸ್ತಕ’ ಎರಡೂ ಭಾಷೆಯಲ್ಲಿ ಇದೆ. ಅಲ್ಲಿ ಸ ಅರ್ಧವಾಗಿ ತ ಪೂರ್ಣ ನಿಲ್ಲುತ್ತದೆ, ಇಲ್ಲಿ ಸ ಪೂರ್ಣ ನಿಂತು ತ ಕೆಳಗಿಳಿಯುತ್ತದೆ. ಬಾಯಾರು ಮಕ್ಕಳನ್ನೇ ಅಕ್ಷರ ಮಾಡುತ್ತಾರೆ. ಮರಾಠಿ ಪಾಳಿಯಲ್ಲಿ ಸ ಎಂಬ ಹುಡುಗಿ ಅರ್ಧ ಬಾಗಿ ತ ಹುಡುಗನ ಹೆಗಲಿಗೆ ಆತುಕೊಳ್ಳುತ್ತಾಳೆ. ಕನ್ನಡ ಪಾಳಿ ಬಂದಾಗ ಅವಳು ನೆಟ್ಟಗೆ ನಿಲ್ಲುತ್ತಾಳೆ, ಅವನು ಕಾಲ ಬುಡದಲ್ಲಿ ಕುಕ್ಕರುಗಾಲಿನಲ್ಲಿ ಕೂರುತ್ತಾನೆ. ‘ಅಕ್ಕಿ’ಗೆ ಒಂದು ಗಾಂಧಿ ಟೊಪ್ಪಿಗೆಯೇ ಗುಡಿಸು. ನಿಂತವನ ತಲೆಗೆ ಟೊಪ್ಪಿಗೆ, ಕೂತವನು ಮಾತ್ರ ‘ಕಿ’ ಎಂದು ಕೂಗಬೇಕು. ಒಮ್ಮೆ ಹಾಗೆ ಕೂತು ಕೂಗಿದವನು ಆಮೇಲೆ ಗುಡಿಸನ್ನು ಎಲ್ಲಿ ಇಡಲಿ ಎಂದು ಕೇಳುವುದಿಲ್ಲ.

ಇದೇನೂ ಹೊಸತಲ್ಲ. ಮರಿಯಾ ಮಾಂಟೆಸ್ಸೊರಿ ಅವರು ಉಸುಕಿನ ಕಾಗದದ ಅಕ್ಷರಗಳನ್ನು ಬೆರಳಿನಿಂದ ತೀಡಿಸುತ್ತಿದ್ದರು. 1939ರಲ್ಲಿ ಅವರು ಭಾರತಕ್ಕೂ ಬಂದರು. ಆ ದುಬಾರಿ ಸಾಮಾನು ಹಳ್ಳಿಗೆ ಎಟುಕದೆಂದು ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ 1945ರಿಂದ ಬೋರ್ಡಿಯಲ್ಲಿ, ಮುಂದೆ ಕೋಸಬಾಡದಲ್ಲಿ, ಕಲ್ಲು, ಎಲೆ, ಬೀಜಗಳಿಂದಲೇ ಶಾಲೆ ನಡೆಸಿದರು. ಕರ್ನಾಟಕದ ನಲಿ-ಕಲಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ, ವರ್ಣಮಾಲೆಯ ಕ್ರಮ ಬಿಟ್ಟು ರ, ಗ, ಸ, ದ, ಅ ಎಂದು ಹೊರಟಿತು. ಗಡಿಯಾಚೆ ವಿಜಯಪುರ ಕಡೆಯ ಮಕ್ಕಳಿಗೆ ನಲಿ-ಕಲಿಯ ಕಾರ್ಡುಗಳು ಗೊತ್ತು. ನಮ್ಮ ಮಕ್ಕಳ ಕನ್ನಡ ಪುಸ್ತಕ ಬರುವುದು ಪುಣೆಯ ಬಾಲಭಾರತಿಯಿಂದ. ಹೊರಗಿನಿಂದ ಬರುವ ಆಟದ ಸಾಮಾನು ಹೆಚ್ಚಿನಂಶ ಮರಾಠಿ ಲಿಪಿಯದು. ಅಕ್ಕಪಕ್ಕ ಜೋಡಿಸುವ ಬಿಡಿ ಅಕ್ಷರದ ಬಿಲ್ಲೆಗಳು ಕನ್ನಡಕ್ಕೆ ಒಗ್ಗುವುದಿಲ್ಲ, ಮೇಲೆ ಕೆಳಗೆ ಕೂಡಿಸಲು ಬರಬೇಕು. ಅದಕ್ಕೇ ನಾನು ಮಣ್ಣಿನ ಪರ.

ಪಾಲಕರಿಗೂ ಒಂದು ಮಾತು. ಸಂಶೋಧಕಿ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಕನ್ನಡದ ಅಕ್ಷರಗಳೆಲ್ಲ ಕೈವಶವಾಗಲು ನಾಲ್ಕನೆಯ ತರಗತಿ ದಾಟಬೇಕಾಗುತ್ತದೆ ಎಂದು ತೋರಿಸಿದೆ. ಎರಡನೆಯ ಇಯತ್ತೆಯಲ್ಲಿ ಒತ್ತು ತಪ್ಪಿದ ಕೂಸನ್ನು ದಡ್ಡ ಎನ್ನುವುದು ಅವಸರ. ಇಷ್ಟೆಲ್ಲ ಆಡಿಸಿದರೂ ವರ್ಷಗಟ್ಟಲೆ ಅಕ್ಷರ ಕೈಗೆ ಹತ್ತದ ಮಕ್ಕಳೂ ಇದ್ದಾರೆ. ಕಲಿಕೆಯ ನ್ಯೂನತೆಯನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರಿಸಿಯೇ ಒಪ್ಪಿದೆ. ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನ ಕೇಂದ್ರ ಡಿಸ್ಲೆಕ್ಸಿಯಾ ಗುರುತಿಸಲು ರೂಪಿಸಿದ ‘ಡಾಲಿ’ ಪರೀಕ್ಷೆ ಮರಾಠಿಯಲ್ಲೂ ಇದೆ, ಕನ್ನಡದಲ್ಲೂ ಇದೆ. ಗಡಿಯ ಮಗುವನ್ನು ಎರಡರಲ್ಲೂ ನೋಡಬೇಕೆಂದು ಕೇಳಿ. ಒಂದರಲ್ಲಿ ಮಾತ್ರ ನೋಡಿದರೆ ಭಾಷೆಯ ಪರಿಚಯ ಸಾಲದ್ದನ್ನೇ ನ್ಯೂನತೆ ಎಂದು ಬರೆದುಬಿಡುವ ಅಪಾಯವಿದೆ.

ಗುರುಜಿ, ಬಾಯಾರಲ್ಲಿ ಕೇಳಿಕೊಳ್ಳುವುದು ಇಷ್ಟೇ. ಕೆಂಪು ಪೆನ್ನು ಎತ್ತುವ ಮೊದಲು ಹುಡುಗನಿಗೆ ತಾನು ಬರೆದ ಶಬ್ದವನ್ನು ಗಟ್ಟಿಯಾಗಿ ಓದಲು ಹೇಳಿ. ಅವನು ‘ಬ್ಯಾಳಿ’ ಎಂದೇ ಓದಿದರೆ ಅಂಕ ಕೊಡಿ, ಪಕ್ಕದಲ್ಲಿ ‘ಬೇಳೆ’ ಎಂದು ನೀವೇ ಬರೆದುಕೊಡಿ.