ಮಗ್ಗ ನಿಂತರೂ ಹಾಡು ನಿಲ್ಲಬಾರದು

ನಮ್ಮ ಬನಹಟ್ಟಿ ನೇಕಾರರ ಊರು. ಇಲ್ಲಿ ಬೆಳಗಾಗುವುದು ಕೋಳಿಯ ಕೂಗಿಗಲ್ಲ, ಮಗ್ಗದ ಸಪ್ಪಳಕ್ಕೆ. ನಮ್ಮ ಓಣಿಯಲ್ಲಿ ಕ್ರಿಸ್ತನನ್ನು ನಂಬಿದ ಮನೆ ನಮ್ಮದೊಂದೇ. ಹೀಗಾಗಿ ನಮ್ಮ ಹಬ್ಬ-ಹರಿದಿನಗಳ ಬಗ್ಗೆ ನೆರೆಹೊರೆಯವರಿಗೆ ಕುತೂಹಲ ಬಹಳ. ಒಮ್ಮೆ ಪಕ್ಕದ ಮನೆಯ ಅಕ್ಕಾ ಕೇಳಿಯೇಬಿಟ್ಟರು: “ಅಲ್ರೀ ವೈನಿ, ಶುಕ್ರವಾರ ಉಪವಾಸ ಹಿಡಿದು ಕಣ್ಣೀರು ತಗೀತೀರಿ. ಐತವಾರ ನಸುಕಿನ್ಯಾಗ ಹೊಸಾ ಸೀರಿ ಉಟ್ಟು ಹಾಡಕೋತ ಹೊಂಟಿರ್ತೀರಿ. ಎರಡು ದಿನದಾಗ ಅಂಥಾ ಸಂತೋಷ ಎಲ್ಲಿಂದ ಬಂತ್ರಿ?”

ಕೇಳುವುದಕ್ಕೆ ಸರಳ ಪ್ರಶ್ನೆ. ಆದರೆ ನಮ್ಮ ನಂಬಿಕೆಯ ತಿರುಳೇ ಅದರಲ್ಲಿದೆ. ಸಂತೋಷ ಅಂದರೆ ಕೈಯಲ್ಲಿ ರೊಕ್ಕ, ಮೈಯಲ್ಲಿ ಆರೋಗ್ಯ, ಮಕ್ಕಳಿಗೆ ನೌಕರಿ, ಇಷ್ಟು ಇದ್ದಾಗ ಬರುವಂಥದ್ದು ಎಂದು ನಾವೆಲ್ಲ ತಿಳಿದಿರುತ್ತೇವೆ. ಹಾಗಾದರೆ ಇವು ಇಲ್ಲದ ದಿನ ಏನು ಮಾಡಬೇಕು?

ಸತ್ಯವೇದವನ್ನು ತೆರೆದು ನೋಡಿ. ಯೇಸು ಜೀವಂತವಾಗಿ ಎದ್ದ ಸುದ್ದಿ ಮೊದಲು ಯಾರಿಗೆ ಸಿಕ್ಕಿತು? ಅರಸರಿಗಲ್ಲ, ಯಾಜಕರಿಗಲ್ಲ, ಶಿಷ್ಯರಲ್ಲಿ ದೊಡ್ಡವನಾದ ಪೇತ್ರನಿಗೂ ಅಲ್ಲ. ನಸುಕಿನಲ್ಲಿ ಸುಗಂಧದ್ರವ್ಯ ಹಿಡಿದು ಗೋರಿಗೆ ಹೋದ ಹೆಣ್ಣುಮಕ್ಕಳಿಗೆ! ಮಗ್ದಲದ ಮರಿಯಳು ಅವರಲ್ಲಿ ಒಬ್ಬಳು. ಅವರು ಹಬ್ಬ ಮಾಡಲು ಹೊರಟವರಲ್ಲ. ಸತ್ತವರಿಗೆ ಮನೆಯ ಹೆಂಗಸರು ಮಾಡಬೇಕಾದ ಕೆಲಸ ಮಾಡಲು ಹೋದವರು. ಬಾಗಿಲಿನ ದೊಡ್ಡ ಕಲ್ಲನ್ನು ಯಾರಿಂದ ಸರಿಸುವುದು ಎಂಬ ಚಿಂತೆ ಬೇರೆ. ಅಳುತ್ತ, ಕೆಲಸ ಮಾಡುತ್ತ ಇದ್ದವರ ಬಳಿಗೆ ಸಂತೋಷವೇ ಬಂತು. ಮನಸ್ಸು ಸರಿಯಾದ ಮೇಲೆ, ಮನೆ ಸರಿಯಾದ ಮೇಲೆ ಬರುತ್ತೇನೆಂದು ಅದು ಕಾದು ಕೂಡಲಿಲ್ಲ. ಪೌಲನೂ ಹಾಗೆಯೇ. ಫಿಲಿಪ್ಪಿಯವರಿಗೆ ಅವನು ಬರೆದದ್ದು ನಾಲ್ಕೇ ಅಧ್ಯಾಯದ ಸಣ್ಣ ಪತ್ರ. ಅದರ ತುಂಬ ಸಂತೋಷದ ಮಾತು. ಬರೆದದ್ದು ಮಾತ್ರ ಸೆರೆಯಲ್ಲಿ ಕುಳಿತು!

ನನ್ನ ತವರು ಗುಳೇದಗುಡ್ಡ. ಅದೂ ನೇಕಾರರದೇ ಊರು. ಅಲ್ಲಿಯ ಖಣ ನಿಮಗೆಲ್ಲ ಗೊತ್ತೇ ಇದೆ. ಬಾಸೆಲ್ ಮಿಶನ್‌ನವರು 1851ರಲ್ಲಿ ಅಲ್ಲಿ ಬಂದು ನೆಲೆಯೂರಿದರು. ಚಿಕ್ಕವಳಿದ್ದಾಗ ನನಗೆ ಕ್ರಿಸ್‌ಮಸ್‌ಗಿಂತ ಬೆಳೆ ಹಬ್ಬವೇ ಹೆಚ್ಚು ಇಷ್ಟ. ಒಬ್ಬರು ಜೋಳದ ತೆನೆ, ಒಬ್ಬರು ಕುಂಬಳಕಾಯಿ, ಒಬ್ಬರು ಕೋಳಿ, ನೇಯುವ ಮನೆಯವರು ಒಂದು ಖಣ, ಹೀಗೆ ಎಲ್ಲರೂ ತಂತಮ್ಮ ದುಡಿಮೆಯ ಮೊದಲ ಪಾಲು ತಂದು ದೇವರ ಮುಂದೆ ಇಡುತ್ತಿದ್ದರು. ಆರಾಧನೆ ಮುಗಿದ ಮೇಲೆ ಸವಾಲು. ಆಗ ನೋಡಬೇಕು ಗದ್ದಲ! ನಾಲ್ಕಾಣೆಯ ನಿಂಬೆಹಣ್ಣಿಗೆ ಹತ್ತು ರೂಪಾಯಿ ಕೂಗುವರು. ನಮ್ಮ ಅಪ್ಪ ತಾವೇ ತಂದ ಕುಂಬಳಕಾಯಿಯನ್ನು ತಾವೇ ದುಪ್ಪಟ್ಟು ಬೆಲೆಗೆ ಕೂಗಿ ಮನೆಗೆ ಹೊತ್ತು ತರುತ್ತಿದ್ದರು. ಅವ್ವ “ಇದೇನ್ರೀ ಹುಚ್ಚು” ಅಂದರೆ ನಕ್ಕು ಸುಮ್ಮನಾಗುವರು. ಪಡೆದುಕೊಂಡವನು ಲೆಕ್ಕ ಇಡದೆ ಕೊಡುತ್ತಾನೆ, ಕೊಡುವಾಗ ನಗುತ್ತಾನೆ. ಧರ್ಮೋಪದೇಶಕ್ಕಿಂತ ಆ ಕುಂಬಳಕಾಯಿಯಿಂದಲೇ ಇದನ್ನು ನಾನು ಕಲಿತದ್ದು.

ಉತ್ಸಾಹ ಅಂದರೆ ನಮ್ಮದೇ ದೊಡ್ಡದು ಎಂದು ಗಂಟಲು ಹರಿದುಕೊಳ್ಳುವುದಲ್ಲ. ನಮ್ಮ ಸೀಮೆಯ ರೆವರೆಂಡ್ ಉತ್ತಂಗಿ ಚನ್ನಪ್ಪನವರನ್ನು ನೆನೆಯಿರಿ. ಸಭೆಯ ಪಾಲಕರಾಗಿದ್ದುಕೊಂಡೇ ವರ್ಷಗಟ್ಟಲೆ ಊರೂರು ತಿರುಗಿ ಸರ್ವಜ್ಞನ ವಚನಗಳನ್ನು ಕೂಡಿಹಾಕಿ 1924ರಲ್ಲಿ ಅಚ್ಚು ಹಾಕಿಸಿದರು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ತನ್ನ ದೇವರಲ್ಲಿ ತುಂಬಿದ ಸಂತೋಷ ಇದ್ದವನಿಗೆ ನೆರೆಯವನ ಒಳ್ಳೆಯದನ್ನು ಕಂಡರೆ ಹೊಟ್ಟೆ ಉರಿಯುವುದಿಲ್ಲ, ಕಣ್ಣು ಅರಳುತ್ತದೆ.

ಹೇಳುವುದು ಸುಲಭ, ಬಾಳಿ ತೋರಿಸುವುದು ಕಷ್ಟ ಎನ್ನುವಿರಾ? ನಿಜ. 2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಬಂತು, ನಮ್ಮೂರ ಮಗ್ಗಗಳೆಲ್ಲ ನಿಂತವು. ಸಪ್ಪಳವೇ ಇಲ್ಲದ ಓಣಿ ಮಸಣದಂತೆ ಕಾಣುತ್ತಿತ್ತು. ನೇಯ್ದ ಸೀರೆ ಒಳಗೇ ಉಳಿದವು. ವಾರದ ಪಗಾರ ನಂಬಿದ ಮನೆಗಳಲ್ಲಿ ಹಿಟ್ಟಿನ ಡಬ್ಬಿ ಬರಿದಾಗತೊಡಗಿತು, ನಮ್ಮದೂ ಸಹ. ಏಪ್ರಿಲ್ 12ಕ್ಕೆ ಈಸ್ಟರ್. ದೇವಾಲಯಕ್ಕೆ ಬೀಗ. ನಮ್ಮ ಮನೆಯವರು ಎದ್ದವರೇ ಗೋಡೆಗೆ ಒರಗಿ ಕೂತುಬಿಟ್ಟರು. “ಈ ವರ್ಷ ಎಲ್ಲೀ ಹಬ್ಬ, ಬಿಡು” ಅಂದರು.

ಹಾಸಿಗೆ ಹಿಡಿದಿದ್ದ ನಮ್ಮ ಅತ್ತೆಯವರು ಅಲ್ಲಿಂದಲೇ ಅಂದರು: “ಯಾಕಪಾ? ಮೊದಲನೇ ಈಸ್ಟರಿಗೆ ಗುಡಿ ಇತ್ತೇನು, ಮಂದಿ ಇದ್ದರೇನು? ನಾಲ್ಕು ಮಂದಿ ಹೆಣ್ಮಕ್ಕಳು ಅಳಕೋತ ಹೋಗಿದ್ದರು. ನೀವು ಹಾಡ್ರಿ, ನಾ ಕೇಳತೀನಿ.”

ಹಾಡಿದೆವು. ಮೊದಲ ಸಾಲಿಗೆ ದನಿ ನಡುಗಿತು, ಎರಡನೆಯದಕ್ಕೆ ಮಕ್ಕಳು ಸೇರಿದರು, ಆಮೇಲೆ ಗೋಡೆ ಬಿಟ್ಟು ಅವರೂ ಎದ್ದು ಬಂದರು. ಇದ್ದ ಬೆಲ್ಲದಲ್ಲಿ ಒಂದಿಷ್ಟು ಶೇಂಗಾ ಹೋಳಿಗೆ ಮಾಡಿದೆ. ಡಬ್ಬಿಯಲ್ಲಿ ಉಳಿದ ಜೋಳದ ಹಿಟ್ಟಿನಲ್ಲಿ ಅರ್ಧವನ್ನು, ಅದರ ಮೇಲೆ ಎರಡು ಹೋಳಿಗೆ ಇಟ್ಟು, ಪಕ್ಕದ ಅಕ್ಕಾನ ಮನೆಗೆ ಕೊಟ್ಟು ಬಂದೆ. ಅವರ ಮನೆಯಲ್ಲಿ ಆರು ಮಂದಿ ಉಣ್ಣುವವರು. ಸಂಜೆಗೆ ಅವರ ಮಗಳು ಒಂದು ಬಟ್ಟಲು ಗುರೆಳ್ಳು ಚಟ್ನಿ ತಂದಿಟ್ಟು ಹೋದಳು. ಮಗ್ಗ ಅಂದೂ ತಿರುಗಲಿಲ್ಲ, ಸಾಲವೂ ತೀರಲಿಲ್ಲ. ಆದರೆ ಆ ರಾತ್ರಿ ನಮ್ಮ ಮನೆಯಲ್ಲಿ ಎಲ್ಲರಿಗೂ ನಿದ್ದೆ ಬಂತು.

ಮರುವರ್ಷ ಅತ್ತೆಯವರು ತೀರಿಕೊಂಡರು. ಮಣ್ಣು ಮಾಡುವಾಗ ಅವರಿಗೆ ಪ್ರಿಯವಾದ ಸಂಗೀತಗಳನ್ನೇ ಹಾಡಿದೆವು. ಓಣಿಯವರು ಯಾರೂ ಇದನ್ನು ವಿಚಿತ್ರ ಅನ್ನಲಿಲ್ಲ. ಹೆಣದ ಮುಂದೆ ರಾತ್ರಿಯಿಡೀ ಭಜನೆ ಮಾಡುವ ಪದ್ಧತಿ ನಮ್ಮ ಸೀಮೆಯಲ್ಲಿ ಇದ್ದೇ ಇದೆಯಲ್ಲ! ನಾನು ಹಾಡುತ್ತಲೇ ಅತ್ತೆ, ಅಳುತ್ತಲೇ ಹಾಡಿದೆ. ಸಂತೋಷವೆಂದರೆ ಕಣ್ಣೀರಿಗೆ ಬಾಗಿಲು ಹಾಕುವುದಲ್ಲ, ಕಣ್ಣೀರೇ ಕಡೆಯ ಮಾತಲ್ಲ ಎಂದು ನಂಬುವುದು.

ಇಂಥ ಸಂತೋಷವನ್ನು ಮನೆಯಲ್ಲಿ ಬೆಳೆಸುವುದು ಹೇಗೆ? ನಾನು ನಡೆಸಿಕೊಂಡು ಬಂದ ನಾಲ್ಕು ಮಾತು ಹೇಳುತ್ತೇನೆ. ಬೆಳಿಗ್ಗೆ ಒಲೆ ಹಚ್ಚುವಾಗ ಗೊಣಗುವ ಬದಲು ಒಂದು ಹಾಡು ಗುನುಗಿರಿ. ಕಂಠ ಚೆನ್ನಾಗಿರಬೇಕೆಂದೇನಿಲ್ಲ, ಪಾತ್ರೆಗಳು ದೂರು ಹೇಳುವುದಿಲ್ಲ. ರಾತ್ರಿ ಊಟಕ್ಕೆ ಕೂತಾಗ ಆ ದಿನ ಸಿಕ್ಕ ಒಂದು ಒಳ್ಳೆಯದನ್ನು ಮಕ್ಕಳು ಒಬ್ಬೊಬ್ಬರಾಗಿ ಹೇಳಲಿ, ಆಮೇಲೆ ಪ್ರಾರ್ಥನೆ. ಹಬ್ಬದ ದಿನ ಮಾಡಿದ ಕರ್ಚಿಕಾಯಿ, ಚಕ್ಕಲಿಯ ಮೊದಲ ತಾಟು ಪಕ್ಕದ ಮನೆಗೆ ಹೋಗಲಿ, ಆಮೇಲೆ ನಿಮ್ಮ ಮನೆಯವರಿಗೆ. ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ: ದುಃಖದಲ್ಲಿರುವ ಹೆಣ್ಣುಮಗಳಿಗೆ “ಅಳಬ್ಯಾಡ, ಸಂತೋಷದಿಂದಿರು” ಎಂದು ಉಪದೇಶ ಹೇಳಬೇಡಿ. ಅವಳ ಪಕ್ಕದಲ್ಲಿ ಕೂತು ನಾಲ್ಕು ಕಂಡಿಕೆ ಸುತ್ತಿಕೊಡಿ, ಎರಡು ರೊಟ್ಟಿ ಬಡಿದುಕೊಡಿ. ನಿಮ್ಮ ನಂಬಿಕೆ ಎಂಥದೆಂದು ಅವಳಿಗೆ ತಾನಾಗಿ ತಿಳಿಯುತ್ತದೆ.

ನಿಮ್ಮ ದೇವರು, ನಿಮ್ಮ ಹಾಡು ಬೇರೆ ಇರಬಹುದು ಸೋದರಿಯರೇ. ಆದರೂ ನಾಳೆ ಬೆಳಿಗ್ಗೆ ಒಲೆಯ ಮುಂದೆ ಒಮ್ಮೆ ಹಾಡಿ ನೋಡಿ. ಒಳ್ಳೆಯ ದಿನ ಬರಲಿ, ಆಮೇಲೆ ಹಾಡೋಣ ಎಂದು ಮುಂದಕ್ಕೆ ಹಾಕಬೇಡಿ.