ನಾಲ್ಕು ಸರ್ವರ್, ನಾಲ್ಕು ಮಾತು

ಹುಬ್ಬಳ್ಳಿಯವರಿಗೆ ಶೇಂಗಾ, ಬೆಂಗಳೂರಿನವರಿಗೆ ಕಡಲೆಕಾಯಿ, ಇನ್ನು ಕೆಲವರಿಗೆ ನೆಲಗಡಲೆ. ಮೂರೂ ಒಂದೇ ಅಂತ ನಮಗೆ ಗೊತ್ತು, ಕಂಪ್ಯೂಟರ್‌ಗೆ ಗೊತ್ತಿಲ್ಲ. ಅದಕ್ಕೇ ಸರ್ಚ್ ಸರ್ವರ್‌ನಲ್ಲಿ ಸಮಾನ ಅರ್ಥದ ಪದಗಳ ಫೈಲ್ ಒಂದಿರುತ್ತೆ. ನಾನು ಕೆಲಸಕ್ಕಿದ್ದ ದಿನಸಿ ಆ್ಯಪ್‌ನಲ್ಲಿ ಅದನ್ನು ನೋಡಿಕೊಳ್ಳುತ್ತಿದ್ದದ್ದು ನಮ್ಮ ಟೀಮ್.

ಅಪಾಚೆ ಸೋಲರ್ ಹಾಕಿದ್ದ ನಾಲ್ಕು ಸರ್ವರ್, ನಾಲ್ಕರಲ್ಲೂ ಆ ಫೈಲಿನ ಬೇರೆ ಬೇರೆ ಪ್ರತಿ. ಒಂದು ಪದ ಸೇರಿಸೋಕೆ ನಾಲ್ಕು ಕಡೆ ಲಾಗಿನ್ ಆಗಿ ಕಾಪಿ ಮಾಡಬೇಕು. ಒಂದು ಕಡೆ ಹಳೇ ಫೈಲ್ ಉಳಿದರೂ ಎರರ್ ಬರೋದಿಲ್ಲ. 'ಶೇಂಗಾ' ಅಂತ ಹುಡುಕಿದರೆ ಮೂರು ಸಲ ಸಿಗುತ್ತೆ, ನಾಲ್ಕನೇ ಸಲ 'ಏನೂ ಇಲ್ಲ'. ಪೂರ್ತಿ ಕೆಟ್ಟದ್ದನ್ನು ಸರಿಮಾಡಬಹುದು, ಆಗಾಗ ಕೆಡೋದು ತಲೆ ತಿನ್ನುತ್ತೆ.

ಹೀಗೇ ಒಮ್ಮೆ ದೂರು ಬಂದಾಗ ಮೀಟಿಂಗಿನಲ್ಲಿ ಎಲ್ಲರೂ ನೋಡಿದ್ದು, ಸೇರಿ ಎರಡೇ ತಿಂಗಳಾಗಿದ್ದ ಹುಡುಗಿಯ ಕಡೆ. "ಸರ್, ನಾಲ್ಕೂ ಕಡೆ ಹಾಕಿದ್ದೆ" ಅಂತ ಎರಡು ಸಲ ಹೇಳಿದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸಂಜೆ ಇಬ್ಬರೂ ಕೂತು ಲಾಗ್ ತೆಗೆದೆವು. ಅವಳು ಕಾಪಿ ಮಾಡಿದ ಮಾರನೇ ದಿನ ಒಂದು ಸರ್ವರನ್ನು ಹಳೇ ಬ್ಯಾಕಪ್‌ನಿಂದ ಎಬ್ಬಿಸಿದ್ದರು. ಹಳೇ ಫೈಲೂ ಜೊತೆಗೇ ಎದ್ದಿತ್ತು.

ಆಮೇಲೆ ಸೋಲರ್‌ಕ್ಲೌಡ್‌ಗೆ ಹೋದೆವು. 2012ರಲ್ಲಿ ಸೋಲರ್ 4.0 ಜೊತೆ ಬಂದ ವ್ಯವಸ್ಥೆ ಇದು. ಕಾನ್ಫಿಗರೇಷನ್ ಫೈಲುಗಳೆಲ್ಲ ಝೂಕೀಪರ್ ಎಂಬ ಒಂದೇ ಕಡೆ ಇರುತ್ತವೆ, ಎಲ್ಲ ನೋಡ್‌ಗಳೂ ಅಲ್ಲಿಂದಲೇ ಓದುತ್ತವೆ. ಝೂಕೀಪರನ್ನು ಒಂದೇ ಯಂತ್ರಕ್ಕೆ ನಂಬಿ ಬಿಡಬಾರದು, ಮೂರರಲ್ಲಿ ಹಾಕಿ. ಬಹುಮತ, ಅಂದರೆ ಎರಡು ಬದುಕಿದ್ದರೆ ಕೆಲಸ ನಡೆಯುತ್ತೆ. ನಾಲ್ಕು ಹಾಕಿದರೂ ತಡೆದುಕೊಳ್ಳೋದು ಒಂದರ ಸಾವನ್ನೇ, ಬಹುಮತಕ್ಕೆ ಆಗ ಮೂರು ಬೇಕಲ್ಲ! ಅದಕ್ಕೇ ಬೆಸ ಸಂಖ್ಯೆ.

ಕೆಲವು ಮಾತು ನೆನಪಿರಲಿ. ಫೈಲ್ ಅಪ್‌ಲೋಡ್ ಮಾಡಿದರಷ್ಟೇ ಸಾಲದು, ಕಲೆಕ್ಷನ್ ರೀಲೋಡ್ ಮಾಡಬೇಕು. ಸರಕಿನ ಹೆಸರನ್ನು ಇಂಡೆಕ್ಸ್ ಮಾಡುವಾಗಲೇ ಆ ಪದಗಳನ್ನು ಬಳಸುವಂತಿದ್ದರೆ ಎಲ್ಲವನ್ನೂ ಮತ್ತೆ ಇಂಡೆಕ್ಸ್ ಮಾಡಬೇಕು. ಝೂಕೀಪರ್‌ನಲ್ಲಿ ಒಂದು ಫೈಲಿಗೆ ಮಾಮೂಲಿ ಮಿತಿ ಸುಮಾರು 1 ಎಂಬಿ. ಎರಡು ಕಲೆಕ್ಷನ್‌ಗಳು ಒಂದೇ ಕಾನ್ಫಿಗರೇಷನ್ ಹಂಚಿಕೊಂಡಿದ್ದರೆ, ಒಂದಕ್ಕೆಂದು ಮಾಡಿದ ಬದಲಾವಣೆ ಇನ್ನೊಂದಕ್ಕೂ ತಟ್ಟುತ್ತೆ. ಎಲ್ಲಕ್ಕಿಂತ ಮುಖ್ಯ, ಮೂಲ ಫೈಲ್ ಗಿಟ್‌ನಲ್ಲಿರಲಿ. ಯಾರು, ಯಾವತ್ತು, ಏನು ಬದಲಿಸಿದರು ಅನ್ನೋದಕ್ಕೆ ಅಲ್ಲಿ ದಾಖಲೆ ಇರುತ್ತೆ.

ನಿಮ್ಮ ಆಫೀಸಿನಲ್ಲಿ ಇನ್ನೂ ಕೈಯಲ್ಲೇ ಕಾಪಿ ಮಾಡುವ ಪದ್ಧತಿ ಇದ್ದರೆ, ಹೊಸಬರನ್ನು ಬೈಯುವ ಮೊದಲು ಎಲ್ಲ ಸರ್ವರ್‌ಗಳ ಫೈಲ್ ಒಮ್ಮೆ ಹೋಲಿಸಿ ನೋಡಿ. ಐದು ನಿಮಿಷದ ಕೆಲಸ.