ಹಿಂದಿನ ಬ್ರೇಕ್ ಬಿಚ್ಚಿದ ಭಾನುವಾರ

ಬೈಕಿನ ಹಿಂದಿನ ಡಿಸ್ಕ್ ಬ್ರೇಕಿಗೆ ಪ್ಯಾಡ್ ಎರಡು. ಹೊರಗಿನದು ಬಗ್ಗಿ ನೋಡಿದರೆ ಕಾಣುತ್ತದೆ. ಚಕ್ರದ ಕಡೆಗಿರುವ ಒಳಗಿನದು ಅಷ್ಟು ಸುಲಭಕ್ಕೆ ಕಾಣುವುದಿಲ್ಲ. ಸರ್ವೀಸಿಗೆ ಬಿಟ್ಟಾಗ ಗ್ಯಾರೇಜಿನ ಹುಡುಗ ಹೊರಗಿನದನ್ನು ನೋಡಿ, "ಇನ್ನೂ ಐತೆ ಸಾರ್, ಮುಂದಿನ ಸಲ ನೋಡಾಣ" ಅಂದಿದ್ದ. ಅವನು ಹೇಳಿದ್ದು ಸುಳ್ಳಲ್ಲ, ಹೊರಗಿನದು ನಿಜಕ್ಕೂ ಇತ್ತು.

ನಾವು ಅಂದರೆ ಅಣ್ಣ ತಮ್ಮ ಇಬ್ಬರು. ಒಬ್ಬರು ಮೂಡಿಗೆರೆ ಕಡೆಯ ಸುದ್ದಿ ಕಳಿಸುವ ಸ್ಟ್ರಿಂಜರ್, ಇನ್ನೊಬ್ಬರು ತೋಟಗಳ ಸ್ಪ್ರೇಯರ್, ಪಂಪ್ ರಿಪೇರಿ ಮಾಡಿಕೊಂಡಿರುವವರು. ಬೈಕ್ ಮಾತ್ರ ಒಂದೇ. ಆನೆ ಬಂತು ಅಂದರೂ ಅದೇ, ಗುಡ್ಡ ಕುಸಿಯಿತು ಅಂದರೂ ಅದೇ. ತಿಂಗಳಿಗೊಮ್ಮೆ ಅಮ್ಮನನ್ನು ಹಿಂದೆ ಕೂರಿಸಿಕೊಂಡು ಚಾರ್ಮಾಡಿ ಘಾಟಿ ಇಳಿದು ಆಸ್ಪತ್ರೆಗೆ ಹೋಗುವುದೂ ಅದರಲ್ಲೇ. ಸುದ್ದಿಗಿಷ್ಟು ಎಂದು ದುಡ್ಡು ಬರುವ ಕೆಲಸದಲ್ಲಿ ಪೆಟ್ರೋಲ್, ಟೈರು, ಬ್ರೇಕು ಎಲ್ಲವೂ ನಮ್ಮ ಜೇಬಿನದೇ. ನಮ್ಮ ಲೆಕ್ಕದಲ್ಲಿ ಪ್ಯಾಡ್ ಅಂದರೆ ಎರಡು ಮೂರು ವರದಿ, ಡಿಸ್ಕ್ ಅಂದರೆ ಹತ್ತು ಹನ್ನೆರಡು ವರದಿ.

ಗಾಡಿ ನಿಲ್ಲಿಸುವ ಕೆಲಸದಲ್ಲಿ ಹೆಚ್ಚಿನ ಪಾಲು ಮುಂದಿನ ಬ್ರೇಕಿನದು. ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಕ್ಕೆ ಬರುತ್ತದಲ್ಲ, ಅದಕ್ಕೆ. ಆದರೆ ನಮ್ಮ ಕಡೆ ಕೆಸರು, ಪಾಚಿ, ಉದುರಿದ ಎಲೆ. ಮುಂದಿನದು ಹಿಡಿದರೆ ಜಾರುತ್ತೇವೆ ಎಂಬ ಭಯಕ್ಕೆ ಎಲ್ಲರೂ ಹಿಂದಿನದನ್ನೇ ತುಳಿಯುತ್ತಾರೆ. ಚಕ್ರ ಎರಚುವ ಕೆಂಪು ಮಣ್ಣೂ ಪ್ಯಾಡಿನ ಸಂದಿಗೆ ಸೇರಿ ಉಪ್ಪುಕಾಗದದ ಹಾಗೆ ಉಜ್ಜುತ್ತದೆ. ಮಳೆಗಾಲ ಮುಗಿಯುವಷ್ಟರಲ್ಲಿ ಹಿಂದಿನ ಬ್ರೇಕ್ ಅರ್ಧ ತಿಂದು ಹೋಗಿರುತ್ತದೆ.

ಘಾಟಿಯ ತಿರುವುಗಳಲ್ಲಿ ಹಿಂದಿನಿಂದ ಕರಕರ ಶಬ್ದ ಬರಲು ಶುರುವಾದ ಮೇಲೆ ಒಂದು ಭಾನುವಾರ ಅಂಗಳದಲ್ಲಿ ಗಾಡಿ ಬಿಚ್ಚಿದೆವು. ಹೊರಗಿನ ಪ್ಯಾಡಿನಲ್ಲಿ ಗೆರೆ ಇನ್ನೂ ಕಾಣುತ್ತಿತ್ತು. ಒಳಗಿನದರಲ್ಲಿ ಉಜ್ಜುವ ಪದಾರ್ಥವೇ ಇರಲಿಲ್ಲ. ಬರೀ ಕಬ್ಬಿಣದ ತಗಡು ಡಿಸ್ಕಿಗೆ ಉಜ್ಜುತ್ತಿತ್ತು.

ತಮ್ಮ ಎರಡನ್ನೂ ಅಂಗೈ ಮೇಲಿಟ್ಟುಕೊಂಡು, "ನೋಡಣ್ಣ, ಒಂದೇ ದಿನ ಹಾಕಿದ್ದು ಇವೆರಡೂ" ಅಂದ.

ಕಾರಣ ಕ್ಯಾಲಿಪರಿನ ಪಿನ್ನುಗಳಲ್ಲಿತ್ತು. ನಮ್ಮ ಗಾಡಿಯ ಕ್ಯಾಲಿಪರಿಗೆ ಪಿಸ್ಟನ್ ಒಂದೇ ಕಡೆ. ಅದು ಒಂದು ಪ್ಯಾಡನ್ನು ಒತ್ತಿದಾಗ ಇಡೀ ಕ್ಯಾಲಿಪರ್ ಎರಡು ಪಿನ್ನಿನ ಮೇಲೆ ಸರಿದು ಇನ್ನೊಂದು ಪ್ಯಾಡನ್ನು ಎಳೆದುಕೊಳ್ಳಬೇಕು, ಕಾಲು ತೆಗೆದಾಗ ಸಡಿಲವಾಗಬೇಕು. ಪಿನ್ನಿಗೆ ತುಕ್ಕು ಹಿಡಿದರೆ, ರಬ್ಬರ್ ಹರಿದು ನೀರು ಹೋದರೆ, ಸರಿದದ್ದು ಅಲ್ಲೇ ಕಚ್ಚಿಕೊಳ್ಳುತ್ತದೆ. ಒಂದು ಪ್ಯಾಡ್ ಸದಾ ಡಿಸ್ಕಿಗೆ ತಾಗಿಕೊಂಡೇ ಓಡುತ್ತದೆ. ನಮ್ಮದರಲ್ಲಿ ಒಳಗಿನದು ಸವೆದಿತ್ತು, ನಿಮ್ಮದರಲ್ಲಿ ಹೊರಗಿನದು ಸವೆದಿರಬಹುದು. ಅದಕ್ಕೇ ಒಂದನ್ನು ನೋಡಿ ಎರಡರ ಲೆಕ್ಕ ಹೇಳುವ ಹಾಗಿಲ್ಲ. ಪ್ಯಾಡ್ ಮಾತ್ರ ಬದಲಾಯಿಸಿ ಪಿನ್ನಿಗೆ ಗ್ರೀಸ್ ಹಾಕದಿದ್ದರೆ ಹೊಸದೂ ಹಾಗೇ ಆಗುತ್ತದೆ. ಚಕ್ರದ ಬೇರಿಂಗಿಗೆ ಹಾಕುವ ಗ್ರೀಸ್ ಅಲ್ಲ, ಸಿಲಿಕೋನ್ ಗ್ರೀಸ್. ಮಾಮೂಲಿ ಗ್ರೀಸಿಗೆ ರಬ್ಬರ್ ಉಬ್ಬುತ್ತದೆ.

ಡಿಸ್ಕ್ ಇನ್ನೂ ನಡೆಯುತ್ತದೋ ಇಲ್ಲವೋ ಎಂದು ಕಣ್ಣಳತೆಯಲ್ಲಿ ಹೇಳಲಾಗದು. ಡಿಸ್ಕಿನ ಮೇಲೆ ಕನಿಷ್ಠ ದಪ್ಪ ಎಷ್ಟೆಂದು ಮಿಲಿಮೀಟರಿನಲ್ಲಿ ಅಂಕಿ ಕೊರೆದಿರುತ್ತಾರೆ. ನಮ್ಮದರ ಮೇಲೆ 3.5 ಎಂದಿತ್ತು. ಐಟಿಐ ಓದುವ ಪಕ್ಕದ ಮನೆ ಹುಡುಗನ ಹತ್ತಿರ ವರ್ನಿಯರ್ ತಂದು ಅಳೆದೆವು. ಇದರಲ್ಲೊಂದು ಉಪಾಯ ಬೇಕು. ಪ್ಯಾಡ್ ಉಜ್ಜುವ ಜಾಗ ಮಾತ್ರ ಸವೆದು ಅಂಚು ದಪ್ಪಗೆ ಉಳಿದಿರುತ್ತದೆ, ವರ್ನಿಯರ್ ಆ ಅಂಚಿನ ಮೇಲೆ ಕೂತು ಮೋಸ ಮಾಡುತ್ತದೆ. ತಮ್ಮ ಒಂದೇ ಥರದ ಎರಡು ನಾಣ್ಯವನ್ನು ಸವೆದ ಜಾಗದಲ್ಲಿ ಆಚೆಗೊಂದು ಈಚೆಗೊಂದು ಇಟ್ಟು ಅಳೆದು, ಆಮೇಲೆ ನಾಣ್ಯಗಳ ದಪ್ಪ ಕಳೆದ. 3.2 ಬಂತು. ಹತ್ತು ವರದಿಯ ದುಡ್ಡು ಅಲ್ಲಿಗೆ ಹೋಯಿತು.

ಬಿಚ್ಚುವ ಕೆಲಸದಲ್ಲಿ ಬುದ್ಧಿಗಿಂತ ತಾಳ್ಮೆ ಜಾಸ್ತಿ ಬೇಕು. ಕ್ಯಾಲಿಪರ್ ಗಾಡಿಯಲ್ಲಿ ಗಟ್ಟಿಯಾಗಿ ಕೂತಿರುವಾಗಲೇ ಪ್ಯಾಡಿನ ಪಿನ್ ಸಡಿಲ ಮಾಡಿಕೊಳ್ಳಬೇಕು, ಕೈಗೆ ಬಂದ ಮೇಲೆ ಅದು ಜಗ್ಗುವುದಿಲ್ಲ. ಬಿಚ್ಚಿದ ಕ್ಯಾಲಿಪರನ್ನು ಹೋಸ್ ಪೈಪಿನಿಂದ ನೇತಾಡಲು ಬಿಡಬಾರದು. ನಾವು ಕಾಫಿ ಚೀಲ ಹೊಲಿಯುವ ದಾರದಲ್ಲಿ ಫುಟ್‌ರೆಸ್ಟಿಗೆ ಕಟ್ಟಿದೆವು. ಪೆಡಲ್ ಹತ್ತಿರ ಮಕ್ಕಳು ಬರದಂತೆ ನೋಡಿಕೊಳ್ಳಬೇಕು, ಈಗ ಯಾರಾದರೂ ತುಳಿದರೆ ಪಿಸ್ಟನ್ ಹೊರಗೆ ಬೀಳುತ್ತದೆ. ಹೊಸ ಪ್ಯಾಡ್ ದಪ್ಪ, ಅದಕ್ಕೆ ಜಾಗವಾಗಲು ಪಿಸ್ಟನ್ನನ್ನು ಹಿಂದಕ್ಕೆ ತಳ್ಳಬೇಕು. ತಳ್ಳುವ ಮೊದಲು ಅದಕ್ಕಂಟಿದ ಕಪ್ಪು ಮಣ್ಣನ್ನು ಸೋಪಿನ ನೀರಲ್ಲಿ ಒರೆಸಿ, ಇಲ್ಲವಾದರೆ ಒಳಗಿನ ಸೀಲ್ ಹಾಳಾಗುತ್ತದೆ. ಬ್ರೇಕ್ ಆಯಿಲ್ ಡಬ್ಬಿಯ ಸುತ್ತ ಬಟ್ಟೆ ಸುತ್ತಿರಲಿ. ಉಕ್ಕಿ ಪೇಂಟಿನ ಮೇಲೆ ಬಿದ್ದರೆ ಬಣ್ಣ ಕಿತ್ತು ಬರುತ್ತದೆ, ಬಿದ್ದ ಕೂಡಲೇ ನೀರು ಹಾಕಿ. ಪ್ಯಾಡಿನ ಧೂಳನ್ನು ಬಾಯಲ್ಲಿ ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಡಿಸ್ಕಿಗೆ ಚಕ್ರವನ್ನೇ ಕಳಚಬೇಕು. ಅದರ ಬೋಲ್ಟುಗಳಿಗೆ ಕಂಪನಿಯಲ್ಲೇ ಅಂಟು ಹಾಕಿರುತ್ತಾರೆ, ಸಾಮಾನ್ಯಕ್ಕೆ ಬಿಡುವುದಿಲ್ಲ. ಸವೆದ ಅಲನ್ ಕೀ ಹಾಕಿ ತಿರುಗಿಸಿದರೆ ಬೋಲ್ಟಿನ ತಲೆ ಗುಂಡಗಾಗಿ ಆ ದಿನದ ಕೆಲಸ ಅಲ್ಲಿಗೆ ಮುಗಿಯುತ್ತದೆ. ನಾವು ಹೊಸ ಕೀ ತಂದಿದ್ದೆವು, ಆದರೂ ಒಂದು ಬೋಲ್ಟ್ ಅರ್ಧ ಗಂಟೆ ಬೆವರಿಳಿಸಿತು. ಹೊಸ ಡಿಸ್ಕ್ ಕೂರುವ ಜಾಗದ ತುಕ್ಕು ಪೂರ್ತಿ ಉಜ್ಜಬೇಕು, ಚೂರು ಉಳಿದರೂ ಡಿಸ್ಕ್ ಸೊಟ್ಟ ತಿರುಗಿ ಪೆಡಲ್ ಕಾಲಿಗೆ ಒದೆಯುತ್ತದೆ. ಡಿಸ್ಕಿನ ಮೇಲೆ ಬಾಣದ ಗುರುತಿದ್ದರೆ ಚಕ್ರ ತಿರುಗುವ ದಿಕ್ಕಿಗೆ ಹಾಕಿ. ಬೋಲ್ಟುಗಳನ್ನು ಒಂದರ ಪಕ್ಕ ಒಂದಲ್ಲ, ಎದುರುಬದುರಾಗಿ ಬಿಗಿಯಬೇಕು. ಎಷ್ಟು ಬಿಗಿ ಎಂಬ ಅಂಕಿಯನ್ನು ನಿಮ್ಮ ಗಾಡಿಯ ಪುಸ್ತಕದಿಂದಲೇ ತೆಗೆದುಕೊಳ್ಳಿ. ಫೋನಿನಲ್ಲಿ ನೋಡಿದ ವಿಡಿಯೋದ ಗಾಡಿಯೇ ಬೇರೆ, ನಿಮ್ಮದೇ ಬೇರೆ.

ಹೊಸ ಡಿಸ್ಕಿನ ಮೇಲೆ ತುಕ್ಕು ಬರದಂತೆ ಎಣ್ಣೆ ಸವರಿರುತ್ತಾರೆ. ನಮ್ಮ ಹಳ್ಳಿಗಳಲ್ಲಿ ಏನನ್ನು ತೊಳೆಯಬೇಕಾದರೂ ಡೀಸೆಲ್, ಸೀಮೆಎಣ್ಣೆ. ಇಲ್ಲಿ ಅದು ಬೇಡವೇ ಬೇಡ. ಬ್ರೇಕ್ ಕ್ಲೀನರ್ ಸ್ಪ್ರೇ ತಂದು ಒರೆಸಿ. ಪ್ಯಾಡ್ ಎಣ್ಣೆ ಕುಡಿಯಿತು ಅಂದರೆ ಅದನ್ನು ಎಸೆಯುವುದೇ ಸರಿ.

ಎಲ್ಲಾ ಜೋಡಿಸಿದ ಮೇಲೆ ಒಂದು ಮಾತು. ಪಿಸ್ಟನ್ ಹಿಂದಕ್ಕೆ ಹೋಗಿರುವುದರಿಂದ ಮೊದಲ ಸಲ ಒತ್ತಿದಾಗ ಪೆಡಲ್ ನೇರ ಕೆಳಗಿಳಿಯುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ನಿಂತಲ್ಲೇ ಮತ್ತೆ ಮತ್ತೆ ಒತ್ತಿ ಗಟ್ಟಿಯಾದ ಮೇಲಷ್ಟೇ ಗಾಡಿ ಅಂಗಳ ಬಿಡಬೇಕು. ನಮ್ಮೂರಲ್ಲಿ ಒಬ್ಬರು ಇದು ಗೊತ್ತಿಲ್ಲದೆ ಹೊರಟು ಇಳಿಜಾರಿನಲ್ಲಿ ಬೇಲಿ ದಾಟಿ ಗದ್ದೆಗೆ ಇಳಿದರು. ನಾಟಿ ಗದ್ದೆಯಾದ್ದರಿಂದ ಕೆಸರಾಗಿ ಎದ್ದು ಬಂದರು. ಕಣಿವೆಯ ಕಡೆ ಆಗಿದ್ದರೆ ನಾವೇ ಸುದ್ದಿ ಬರೆಯಬೇಕಿತ್ತು. ಮೊದಲ ಕೆಲವು ದಿನ ಹೊಸ ಪ್ಯಾಡೂ ಡಿಸ್ಕೂ ಹೊಂದಿಕೊಂಡಿರುವುದಿಲ್ಲ. ಸಮತಟ್ಟು ರಸ್ತೆಯಲ್ಲಿ ಮೆಲ್ಲಗೆ ಹಿಡಿದು ಬಿಟ್ಟು ಮಾಡಿ. ಅಮ್ಮನ ಆಸ್ಪತ್ರೆ ದಿನ ಹತ್ತಿರವಿದ್ದರೂ ಆ ವಾರ ಬಸ್ಸಿನಲ್ಲೇ ಕಳಿಸಿದೆವು.

ಬ್ರೇಕ್ ಆಯಿಲ್ ಬದಲಾಯಿಸುವ ಕೆಲಸಕ್ಕೆ ಮಾತ್ರ ನಾವು ಕೈ ಹಾಕಲಿಲ್ಲ. ಆ ಎಣ್ಣೆ ಗಾಳಿಯಲ್ಲಿರುವ ತೇವ ಹೀರುತ್ತದೆ, ಮಲೆನಾಡಿನ ಗಾಳಿಯಲ್ಲಿ ತೇವಕ್ಕೇನು ಬರ. ಹೊಸ ಡಾಟ್ 4 ಎಣ್ಣೆ 230 ಡಿಗ್ರಿವರೆಗೆ ಕುದಿಯಬಾರದು ಎಂಬ ಅಳತೆಯಿದೆ. ತೇವ ಕುಡಿದ ಮೇಲಿನ ಅಳತೆ 155. ಘಾಟಿ ಉದ್ದಕ್ಕೂ ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಆ ಬಿಸಿಗೆ ಎಣ್ಣೆ ಕುದಿದು, ಪೆಡಲ್ ಮೆತ್ತಗಾಗಿ, ಬ್ರೇಕ್ ಇಲ್ಲದಂತಾಗುತ್ತದೆ. ಎರಡನೇ ಗೇರಿನಲ್ಲಿ ಇಂಜಿನ್ನೇ ಗಾಡಿ ಹಿಡಿಯುವಂತೆ ಇಳಿಯಿರಿ. ಎಣ್ಣೆ ಬದಲಾಯಿಸುವಾಗ ಒಳಗೆ ಗಾಳಿ ಉಳಿದರೂ ಅದೇ ಕಥೆ. ಏಬಿಎಸ್ ಗಾಡಿಗಳಲ್ಲಂತೂ ಆ ಗಾಳಿ ತೆಗೆಯುವುದು ಇನ್ನೂ ಕಷ್ಟ.

ಮಾರನೇ ದಿನ ಅದೇ ಗ್ಯಾರೇಜಿಗೆ ಹೋದೆವು. ಹಳೆಯ ಪ್ಯಾಡ್ ಎರಡನ್ನೂ ಟೇಬಲ್ಲಿನ ಮೇಲೆ ಇಟ್ಟಾಗ ಯಜಮಾನರು ಏನೂ ಅನ್ನಲಿಲ್ಲ. ಪೆಡಲ್ ಒತ್ತಿ ನೋಡಿ, ಡಬ್ಬಿ ಬಿಚ್ಚಿ, "ಕೆಲಸ ಸರಿಯಾಗೈತೆ. ಆಯಿಲ್ ಕಾಫಿ ಡಿಕಾಕ್ಷನ್ ಆಗೈತಲ್ಲ ಮಾರಾಯ್ರೆ, ಅದು ನಾನು ಹಾಕ್ತೀನಿ" ಅಂದರು. ಹುಡುಗನನ್ನು ಕರೆದು ಪಕ್ಕದ ಗಾಡಿಯ ಕ್ಯಾಲಿಪರ್ ಬಿಚ್ಚಲು ಹೇಳಿದರು.